ಬಿಯರಿಗೂ ಒಂದು ಹೆಪ್ಪು

ಮನೆಯಲ್ಲಿ ಹೆಪ್ಪು ಮುಗಿದರೆ ಏನು ಮಾಡ್ತೀವಿ? ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗ್ತೀವಿ. ಪಶ್ಚಿಮ ನಾರ್ವೆಯ ಹಳ್ಳಿಗಳಲ್ಲಿ ಬಿಯರಿಗೂ ಹೀಗೇ ಹೆಪ್ಪು ಕೇಳಿ ತರ್ತಿದ್ರು. ಹೆಸರು ಕ್ವೈಕ್. ಅಲ್ಲಿನ ಆಡುಮಾತಿನಲ್ಲಿ ಯೀಸ್ಟ್ ಅಂತಲೇ ಅರ್ಥ.

ಮನೆಯಲ್ಲೇ ಬಿಯರ್ ಮಾಡುವವರು ಕೆಲವು ವರ್ಷಗಳಿಂದ ಇದಕ್ಕೆ ಮನಸೋತಿದ್ದಾರೆ. ಕಾರಣ, ಸೆಖೆ. ಸಾಮಾನ್ಯ ಏಲ್ ಯೀಸ್ಟಿಗೆ 20 ಡಿಗ್ರಿ ಆಸುಪಾಸಿನ ತಂಪು ಬೇಕು. ಬಿಸಿ ಏರಿದರೆ ಬಿಯರಿಗೆ ಘಾಟು ಹತ್ತುತ್ತೆ. ಕ್ವೈಕ್ ಹಾಗಲ್ಲ. 35ರಿಂದ 40 ಡಿಗ್ರಿಯಲ್ಲೂ ಮೂರ್ನಾಲ್ಕು ದಿನದಲ್ಲಿ ಕೆಲಸ ಮುಗಿಸಿಬಿಡುತ್ತೆ. ವಾಸ್ ಎಂಬ ಊರಿನ ಕಡೆಯ ತಳಿಯಂತೂ, ಹಣ್ಣು ಹಾಕದೇನೇ, ಕಿತ್ತಳೆ ಸಿಪ್ಪೆ ಸುಲಿದ ಹಾಗೆ ಘಮ್ ಅನ್ನುತ್ತೆ!

ಇದನ್ನು ಕಾಪಿಡ್ತಿದ್ದ ಬಗೆಯನ್ನ ಹತ್ತಿರದಿಂದ ನೋಡಿ. ಮರದ ಪುಟ್ಟ ಪುಟ್ಟ ತುಂಡುಗಳನ್ನು ಜೋಡಿಸಿದ ಒಂದು ಬಳೆ. ಅದನ್ನು ಯೀಸ್ಟಿನ ಗಸಿಯಲ್ಲಿ ಅದ್ದಿ, ಸಂದುಗೊಂದಿಗೆಲ್ಲ ಮೆತ್ತಿಸಿ, ಒಣಗಲು ತೂಗುಹಾಕ್ತಿದ್ರು. ತಿಂಗಳುಗಳಾದ ಮೇಲೆ ಬೆಚ್ಚನೆಯ ಮಾಲ್ಟ್ ರಸಕ್ಕೆ ಇಳಿಬಿಟ್ಟರೆ ಸಾಕು, ಮಲಗಿದ್ದ ಯೀಸ್ಟ್ ಎದ್ದು ನೊರೆ ಉಕ್ಕಿಸ್ತಿತ್ತು. ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದದ್ದು ಈ ಬಳೆ. ಒಂದು ಊರಿನ ರುಚಿಯೆಲ್ಲ ಅದರಲ್ಲೇ ಇತ್ತು.

2018ರಲ್ಲಿ ವಿಜ್ಞಾನಿಗಳು ಇದರ ವಂಶವಾಹಿ ಪರೀಕ್ಷಿಸಿದರು. ಬಿಯರ್ ಯೀಸ್ಟುಗಳಲ್ಲೇ ಇದೊಂದು ಬೇರೆ ಗುಂಪು ಅಂತ ತಿಳಿಯಿತು. ನಾರ್ವೆಯ ಲಾರ್ಸ್ ಮಾರಿಯಸ್ ಗಾರ್ಶೋಲ್ ಹಳ್ಳಿ ಹಳ್ಳಿ ಸುತ್ತಿ, ಹಳಬರ ಪಕ್ಕ ಕೂತು, ಈ ವಿದ್ಯೆಯನ್ನೆಲ್ಲ ಬರೆದಿಟ್ಟರು. ಆ ಉಪಕಾರ ದೊಡ್ಡದು.

ಇವತ್ತು ಅದೇ ವಾಸ್ ತಳಿ ಒಣಪುಡಿಯಾಗಿ ಪೊಟ್ಟಣದಲ್ಲಿ ಸಿಗುತ್ತೆ. ಬಿಚ್ಚಿ, ಬೆಚ್ಚಗಿನ ರಸದ ಮೇಲೆ ಉದುರಿಸಿದರೆ ಆಯಿತು.