ಆಫ್ರಿಕದ ಧರ್ಮ ಓದಲು ಯಲ್ಲಾಪುರದ ದಾರಿ

ಪರೀಕ್ಷೆಯ ಫಲಿತಾಂಶಗಳು ಬರುವ ಕಾಲದಲ್ಲಿ ಚಾಮರಾಜಪೇಟೆಯ ಹಳೆಯ ಮನೆಗಳ ಜಗುಲಿಯ ಮೇಲೆ ನಡೆಯುವ ಮಾತುಕತೆ ಹೆಚ್ಚೂಕಡಿಮೆ ಒಂದೇ. ಎಷ್ಟು ಬಂತು, ಯಾವ ಕಾಲೇಜು, ಮುಂದೇನು? ಎಂಜಿನಿಯರಿಂಗ್, ಮೆಡಿಕಲ್, ಸಿ.ಎ., ಯಾವುದೂ ಆಗದಿದ್ದರೆ ಬ್ಯಾಂಕ್ ಪರೀಕ್ಷೆ. ಇಂಥ ಮಾತಿನ ನಡುವೆ ಬಿ.ಎ. ಮುಗಿಸಿದ ಹುಡುಗಿಯೊಬ್ಬಳು "ನಾನು ಆಫ್ರಿಕದ ಧರ್ಮಗಳನ್ನ ಓದಬೇಕು ಅಂತಿದ್ದೀನಿ" ಎಂದುಬಿಟ್ಟಳು ಎಂದಿಟ್ಟುಕೊಳ್ಳಿ. ಅಪ್ಪನ ಕೈಯಲ್ಲಿನ ಕಾಫಿ ಲೋಟ ಅಲ್ಲೇ ನಿಲ್ಲುತ್ತದೆ. "ಅದನ್ನ ಓದಿ ಏನಮ್ಮಾ ಮಾಡ್ತೀಯ?" ಎನ್ನುವುದು ಅವರ ಪ್ರಶ್ನೆ. ಒಳಗಿನಿಂದ ಅಜ್ಜಿಯದು ಇನ್ನೊಂದು: "ಅಲ್ಲಿಯವರಿಗೂ ನಮ್ಮ ಹಾಗೆ ದೇವರು ದಿಂಡರು ಇದಾರೇನೇ?"

ಅಜ್ಜಿಯ ಪ್ರಶ್ನೆಗೆ ನಗಬೇಕಾಗಿಲ್ಲ. ಯುರೋಪಿನ ವಿದ್ವಾಂಸರು ಇದೇ ಪ್ರಶ್ನೆಯನ್ನು ಬಹುಕಾಲ ಕೇಳಿದರು. ಅವರಲ್ಲಿ ಹಲವರು 'ಇಲ್ಲ' ಎಂದೇ ಬರೆದುಕೊಂಡರು. ಗ್ರಂಥವಿಲ್ಲ, ಪ್ರವಾದಿಯಿಲ್ಲ, ಆದ್ದರಿಂದ ಧರ್ಮವೂ ಇಲ್ಲ ಎಂಬುದು ಅವರ ತರ್ಕ. ಕಂಡದ್ದಕ್ಕೆಲ್ಲ ಮಾಟ, ಭೂತ, ಪ್ರೇತ ಎಂಬ ಹೆಸರಿಟ್ಟರು. ಇದು ಆಫ್ರಿಕಕ್ಕೆ ಮಾತ್ರ ಬಂದ ಕಷ್ಟವಲ್ಲ. 1890ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಬರ್ನೆಲ್ ಅವರ ಸಂಗ್ರಹವೊಂದು ಕಂತು ಕಂತಾಗಿ ಅಚ್ಚಾಯಿತು. ತುಳುನಾಡಿನ ಪಾಡ್ದನಗಳ ಅಮೂಲ್ಯ ಸಂಗ್ರಹ ಅದು. ಆದರೆ ಅದಕ್ಕೆ ಕೊಟ್ಟ ಹೆಸರಿನ ಅರ್ಥ 'ತುಳುವರ ಪಿಶಾಚಪೂಜೆ'! ತಮ್ಮ ದೈವವನ್ನು ಹೊರಗಿನವರು ಪಿಶಾಚಿ ಎಂದು ಕರೆದಾಗ ಏನನ್ನಿಸುತ್ತದೆ ಎನ್ನುವುದು ದಕ್ಷಿಣ ಕನ್ನಡದ ಯಾರಿಗೂ ಹೇಳಿಕೊಡಬೇಕಾದ ಸಂಗತಿಯಲ್ಲ. ಆಫ್ರಿಕದ ಧರ್ಮಗಳ ಅಧ್ಯಯನವನ್ನು ಅರ್ಥಮಾಡಿಕೊಳ್ಳಲು ಕನ್ನಡದ ವಿದ್ಯಾರ್ಥಿಗೆ ಇರುವ ಮೊದಲ ಅನುಕೂಲ ಇದೇ.

'ಗ್ರಂಥವಿಲ್ಲ' ಎಂಬ ಮಾತನ್ನೂ ಸ್ವಲ್ಪ ನೋಡಬೇಕು. ನೈಜೀರಿಯದ ಯೊರುಬಾ ಜನರಲ್ಲಿ 'ಇಫಾ' ಎಂಬ ಕಣಿ ಹೇಳುವ ಪದ್ಧತಿಯಿದೆ. ಅದಕ್ಕೆ 256 ವಿಭಾಗಗಳು. ಒಂದೊಂದರಲ್ಲೂ ಅನೇಕಾನೇಕ ಪದ್ಯಗಳು. ಇವನ್ನು 'ಬಬಲಾವೊ' ಎಂಬ ಪುರೋಹಿತರು ಗುರುವಿನ ಬಳಿ ವರ್ಷಗಟ್ಟಲೆ ಕುಳಿತು ಬಾಯಿಪಾಠ ಮಾಡುತ್ತಾರೆ. 2005ರಲ್ಲಿ ಯುನೆಸ್ಕೊ ಇದನ್ನು ಮನುಕುಲದ ಮೌಖಿಕ ಪರಂಪರೆಯ ಶ್ರೇಷ್ಠ ಕೃತಿಗಳ ಸಾಲಿಗೆ ಸೇರಿಸಿತು. 1892ರಲ್ಲಿ ಹುಟ್ಟಿದ ಚಾಮರಾಜಪೇಟೆಗೆ ಇದು ಹೊಸ ಮಾತೇನಲ್ಲ. ಇಲ್ಲಿನ ಚಾಮರಾಜೇಂದ್ರ ಸಂಸ್ಕೃತ ಕಾಲೇಜಿನ ಆಸುಪಾಸಿನಲ್ಲಿ ಬೆಳೆದವರಿಗೆ ಪುಸ್ತಕವಿಲ್ಲದೆ ಸಾವಿರಾರು ಸಾಲು ಹೇಳುವ ಘನಪಾಠಿಗಳು ಅಪರಿಚಿತರಲ್ಲ. ಹತ್ತಿರದಲ್ಲೇ ಇರುವ ಕನ್ನಡ ಸಾಹಿತ್ಯ ಪರಿಷತ್ತಿಗೆ ಹೋಗಿ ಬರುವವರಿಗೆ ಮಂಟೇಸ್ವಾಮಿ, ಮಲೆಮಾದೇಶ್ವರರ ಕಾವ್ಯಗಳು ನೀಲಗಾರರ, ಕಂಸಾಳೆಯವರ ನಾಲಗೆಯ ಮೇಲೆ ಉಳಿದು ಬಂದ ಕಥೆ ಗೊತ್ತು. ಬರೆದಿಟ್ಟದ್ದು ಮಾತ್ರ ಧರ್ಮ ಎಂದು ಇಲ್ಲಿ ಯಾರೂ ಹೇಳಲಾರರು.

ವಿಶ್ವವಿದ್ಯಾಲಯಗಳಲ್ಲಿ ಈ ವಿಷಯ ಕಾಲೂರಿದ್ದು ಇತ್ತೀಚೆಗೆ. ಇಂಗ್ಲೆಂಡಿನ ಜೆಫ್ರಿ ಪ್ಯಾರಿಂಡರ್ 1949ರಲ್ಲಿ ನೈಜೀರಿಯದ ಇಬಾದಾನ್‌ನಲ್ಲಿ ಪಾಠ ಹೇಳಲು ಆರಂಭಿಸಿದಾಗ, ಆಫ್ರಿಕದ ಧರ್ಮ ಆಫ್ರಿಕದ ನೆಲದಲ್ಲೇ ಓದುವ ವಿಷಯವಾಯಿತು. ಅದೇ ಇಬಾದಾನ್‌ನ ಬೊಲಾಜಿ ಇದೊವು 1962ರಲ್ಲಿ ಯೊರುಬಾ ಜನರ ಪರಮದೈವವನ್ನು ಕುರಿತು ಪುಸ್ತಕ ಬರೆದರು. ಕೀನ್ಯಾದ ಜಾನ್ ಎಂಬಿಟಿ ಅವರ 'ಆಫ್ರಿಕದ ಧರ್ಮಗಳು ಮತ್ತು ತತ್ತ್ವಶಾಸ್ತ್ರ' 1969ರಲ್ಲಿ ಬಂತು. ಇಷ್ಟಾದ ಮೇಲೆ ಜಗಳವೂ ಶುರುವಾಯಿತು. ಉಗಾಂಡದ ಕವಿ ಓಕೊಟ್ ಪಿ'ಬಿಟೆಕ್, ನೀವು ನಮ್ಮ ದೇವರುಗಳಿಗೆ ಕ್ರೈಸ್ತ ದೇವರ ಅಂಗಿ ತೊಡಿಸುತ್ತಿದ್ದೀರಿ ಎಂದು 1970ರ ದಶಕದ ಆರಂಭದಲ್ಲಿ ತಮ್ಮವರನ್ನೇ ತರಾಟೆಗೆ ತೆಗೆದುಕೊಂಡರು. ಈ ವಾದ ಇನ್ನೂ ಮುಗಿದಿಲ್ಲ. ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಬೇಕೆ?

ಇನ್ನು ಕಡಲಾಚೆಯ ಕಥೆ. ನಾಲ್ಕು ಶತಮಾನಗಳ ಗುಲಾಮ ವ್ಯಾಪಾರದಲ್ಲಿ ಸುಮಾರು ಒಂದೂಕಾಲು ಕೋಟಿ ಆಫ್ರಿಕನ್ನರನ್ನು ಅಟ್ಲಾಂಟಿಕ್ ದಾಟಿಸಲು ಹಡಗು ಹತ್ತಿಸಿದರು. ಅವರು ಮೈಮೇಲಿನ ಬಟ್ಟೆಯನ್ನೂ ಕಳೆದುಕೊಂಡರು, ದೇವರನ್ನು ಮಾತ್ರ ಬಿಡಲಿಲ್ಲ. ಬ್ರೆಜಿಲ್‌ನಲ್ಲಿ ಕಂದೊಂಬ್ಲೆ, ಕ್ಯೂಬಾದಲ್ಲಿ ಸಂತೇರಿಯ, ಹೈತಿಯಲ್ಲಿ ವೋಡೂ ಹುಟ್ಟಿದ್ದು ಹೀಗೆ. ಒಡೆಯರ ಕಣ್ಣಿಗೆ ಕ್ರೈಸ್ತ ಸಂತರ ಚಿತ್ರ, ಒಳಗಿನ ಭಕ್ತಿ ಆಫ್ರಿಕದ ದೈವಕ್ಕೆ. ಬ್ರೆಜಿಲ್‌ನ ಬಾಹಿಯಾ ಪ್ರಾಂತ್ಯದಲ್ಲಿ 1976ರವರೆಗೂ ಕಂದೊಂಬ್ಲೆ ಪೂಜೆಗೆ ಪೊಲೀಸರಲ್ಲಿ ಹೆಸರು ನೋಂದಾಯಿಸಬೇಕಿತ್ತು. ಹೈತಿಯಲ್ಲಿ ವೋಡೂಗೆ ಸರ್ಕಾರದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಆಫ್ರಿಕದಿಂದ ಬಂದದ್ದು ಎಷ್ಟು ಉಳಿದಿದೆ, ಎಷ್ಟು ಹೊಸ ನೆಲದಲ್ಲಿ ಹುಟ್ಟಿದೆ? ಅಮೆರಿಕದ ಹರ್ಸ್‌ಕೊವಿಟ್ಸ್ 1941ರಲ್ಲಿ ಬಹಳಷ್ಟು ಉಳಿದಿದೆ ಎಂದರು. ಸಮಾಜಶಾಸ್ತ್ರಜ್ಞ ಫ್ರೇಜಿಯರ್, ಗುಲಾಮಗಿರಿ ಎಲ್ಲವನ್ನೂ ಮುರಿದುಹಾಕಿತು ಎಂದರು.

ಇದೇ ಪ್ರಶ್ನೆ ಉತ್ತರ ಕನ್ನಡದ ಕಾಡಿನಲ್ಲೂ ಇದೆ ಎಂದರೆ ಚಾಮರಾಜಪೇಟೆಯ ಅಪ್ಪನಿಗೆ ಅಚ್ಚರಿಯಾದೀತು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳಲ್ಲಿ ಬದುಕುವ ಸಿದ್ದಿಗಳ ಪೂರ್ವಜರು ಆಫ್ರಿಕದವರು. ಪೋರ್ಚುಗೀಸರು ಪೂರ್ವ ಆಫ್ರಿಕದಿಂದ ಗೋವೆಗೆ ತಂದ ಗುಲಾಮರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಆಫ್ರಿಕದವರು ಇಲ್ಲಿಗೆ ಬಂದದ್ದು ಆ ಒಂದೇ ದಾರಿಯಿಂದಲ್ಲ. ಬಿಜಾಪುರದ ಆದಿಲಶಾಹಿಯಲ್ಲಿ ಇಖ್ಲಾಸ್ ಖಾನ್‌ನಂಥ ಹಬಶಿ ಮಂತ್ರಿಗಳಿದ್ದರು. ಅಹಮದನಗರದ ಮಲಿಕ್ ಅಂಬರ್‌ನ ಹೆಸರು ಶಾಲೆಯ ಪಾಠದಲ್ಲೇ ಬರುತ್ತದೆ. ಅಂದಹಾಗೆ, ಸಿದ್ದಿ ಎಂಬ ಹೆಸರಿಗೂ ನಮ್ಮ ಯೋಗಸಿದ್ಧಿಗೂ ಸಂಬಂಧವಿಲ್ಲ. ಪತ್ರಿಕೆಗಳಲ್ಲಿ ಒತ್ತಕ್ಷರ ಹಾಕಿ 'ಸಿದ್ಧಿ' ಎಂದು ಬರೆಯುವುದು ಇನ್ನೂ ನಿಂತಿಲ್ಲ.

ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಹಿಂದೂ ಸಿದ್ದಿಗಳ ಮನೆಯಲ್ಲಿ ತೆಂಗಿನಕಾಯಿಯ ರೂಪದಲ್ಲಿ 'ಹಿರಿಯರು' ಇರುತ್ತಾರೆ. ತೀರಿಕೊಂಡವರಿಗೆ ಅಲ್ಲಿ ಪೂಜೆ. ಮುಸ್ಲಿಂ ಸಿದ್ದಿಗಳಿಗೆ ಮೆಹಬೂಬ್ ಸುಭಾನಿಯ ಮೇಲೆ ಭಕ್ತಿ. ಕ್ರೈಸ್ತರಿಗೆ ಇಗರ್ಜಿ. ಆದರೆ 'ಸಿದ್ದಿನಾಸ್' ಎಂಬ ಪೂರ್ವಜ ದೈವದ ಪೂಜೆಗೆ ಮೂರೂ ಮತದವರು ಬರುತ್ತಾರೆ. ಡಮ್ಮಾಮಿನ ಬಡಿತಕ್ಕೆ ಕುಣಿಯುವಾಗ ಯಾರು ಯಾವ ಮತದವರೆಂದು ಹೊರಗಿನವರಿಗೆ ತಿಳಿಯುವುದಿಲ್ಲ. ಇಲ್ಲೇ ವಿದ್ಯಾರ್ಥಿಯ ಕೆಲಸ ಶುರುವಾಗುವುದು. ಹಿರಿಯರ ಪೂಜೆ ಆಫ್ರಿಕದಿಂದ ಬಂದದ್ದೋ? ಹಾಗೆಂದುಬಿಡುವುದು ಸುಲಭ. ಆದರೆ ಪಕ್ಷಮಾಸದಲ್ಲಿ ಹಿರಿಯರಿಗೆ ಎಡೆ ಇಡುವ ಮನೆಗಳು ಕರ್ನಾಟಕದ ಯಾವ ಊರಿನಲ್ಲಿಲ್ಲ? ಹಾಗಾದರೆ ನೆರೆಹೊರೆಯವರಿಂದ ಕಲಿತದ್ದೋ? ಅದೂ ಅವಸರದ ಮಾತು. ಎರಡು ನೆಲದ ಪಿತೃಭಕ್ತಿ ಒಂದೇ ತೆಂಗಿನಕಾಯಿಯಲ್ಲಿ ಕೂಡಿಕೊಂಡಿರಲೂಬಹುದು. ಮನೆಯವರು ಅದನ್ನು ಏನೆಂದು ಕರೆಯುತ್ತಾರೆ, ಯಾರು ಅದನ್ನು ಮುಟ್ಟುತ್ತಾರೆ, ಯಾರ ಹೆಸರು ಹೇಳುತ್ತಾರೆ ಎಂದು ಕುಳಿತು ಕೇಳದೆ ಉತ್ತರ ಸಿಗುವುದಿಲ್ಲ.

ಗುಜರಾತಿನಲ್ಲಿ ಚಿತ್ರ ಬೇರೆ. ಭರೂಚ್ ಜಿಲ್ಲೆಯ ರತನಪುರದಲ್ಲಿ ಬಾವಾ ಗೋರ್ ದರ್ಗಾ ಇದೆ. ಅಲ್ಲಿನ ಸಿದ್ದಿಗಳ 'ಗೋಮಾ' ಕುಣಿತದ ಹೆಸರು ಪೂರ್ವ ಆಫ್ರಿಕದ 'ಎನ್‌ಗೋಮಾ'ದಿಂದ ಬಂದದ್ದು. ಡೋಲು, ಕುಣಿತ ಎರಡಕ್ಕೂ ಅಲ್ಲಿ ಅದೇ ಪದ. ಅವರ 'ಮಲುಂಗಾ' ಎಂಬ ಬಿಲ್ಲಿನಂಥ ವಾದ್ಯಕ್ಕೂ ಬ್ರೆಜಿಲ್‌ನ ಬೆರಿಂಬಾವ್‌ಗೂ ಇರುವ ಹೋಲಿಕೆ ಕಣ್ಣಿಗೆ ಕಟ್ಟುತ್ತದೆ. ಜರ್ಮನಿಯ ಹೆಲೆನ್ ಬಸು ಈ ದರ್ಗಾದ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ.

ಕರ್ನಾಟಕದ ಸಿದ್ದಿಗಳ ಬಗ್ಗೆ ಟಿ.ಸಿ. ಪಾಲಾಕ್ಷಪ್ಪ ಅವರ ಪುಸ್ತಕ 1976ರಲ್ಲಿ ಬಂತು. ಆ ಬಳಿಕ ಬಂದವರಲ್ಲಿ ಗಮನಿಸಬೇಕಾದವರು ಪ್ಯಾಶಿಂಗ್ಟನ್ ಒಬೆಂಗ್. ಅವರು ಘಾನಾ ಮೂಲದವರು. ಅಸಾಂಟೆ ಜನರ ಕ್ರೈಸ್ತಮತವನ್ನು ಮೊದಲು ಅಧ್ಯಯನ ಮಾಡಿ, ಅಮೆರಿಕದಲ್ಲಿ ಪಾಠ ಹೇಳುತ್ತ, ಅಲ್ಲಿಂದ ಉತ್ತರ ಕನ್ನಡಕ್ಕೆ ಬಂದರು. 2007ರಲ್ಲಿ ಅವರ ಪುಸ್ತಕ ಅಚ್ಚಾಯಿತು. ಅಷ್ಟು ದೂರದಿಂದ ಬಂದು ಭಾಷೆ ಗೊತ್ತಿಲ್ಲದೆ ದುಡಿದವರ ಮುಂದೆ, ಒಂದು ರಾತ್ರಿ ಬಸ್ಸಿನಲ್ಲಿ ಕೂತರೆ ಯಲ್ಲಾಪುರ ತಲುಪುವ ಕನ್ನಡದ ವಿದ್ಯಾರ್ಥಿಗೆ ನೆಪ ಹೇಳಲು ಏನೂ ಉಳಿಯುವುದಿಲ್ಲ.

ಇದೆಲ್ಲ ಬರೀ ಪಾಂಡಿತ್ಯದ ಮಾತಲ್ಲ. ನಮ್ಮ ಕಾನೂನಿನಲ್ಲಿ ಪರಿಶಿಷ್ಟ ಜಾತಿಯ ಮಾನ್ಯತೆ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಪರಿಶಿಷ್ಟ ಪಂಗಡಕ್ಕೆ ಆ ಕಟ್ಟಿಲ್ಲ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದಾಗ ಮೂರೂ ಮತದವರು ಒಟ್ಟಿಗೇ ಸೇರಿದರು. ಮೂರು ದೇವರ ಮುಂದೆ ಕೈಮುಗಿಯುವವರು ಒಂದೇ ಜನ ಹೇಗೆ ಎಂಬ ಪ್ರಶ್ನೆಗೆ ಹಾಸ್ಟೆಲ್ ಸೀಟು, ವಿದ್ಯಾರ್ಥಿವೇತನ, ನೌಕರಿ ಎಲ್ಲವೂ ತಗುಲಿಕೊಂಡಿವೆ. ಹೊರಗಿನವರು ಹಿಂದೆಯೂ ಬಂದಿದ್ದರು. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ, ಆಫ್ರಿಕದ ಮೈಕಟ್ಟಿನವರು ಚೆನ್ನಾಗಿ ಓಡಬಲ್ಲರೆಂದು ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿತು. ಕೆಲವು ವರ್ಷಗಳಲ್ಲಿ ಆ ಯೋಜನೆ ನಿಂತಿತು. ಮಕ್ಕಳು ಊರಿಗೆ ಮರಳಿದರು. ಟಿಪ್ಪಣಿ ಪುಸ್ತಕ ಹಿಡಿದು ಹೋಗುವವರೂ ಇದನ್ನು ನೆನಪಿನಲ್ಲಿಡಬೇಕು.

ಈಗ ಅಪ್ಪನ ಪ್ರಶ್ನೆ. ಇದನ್ನು ಓದಿದ ಕೂಡಲೇ ಕೆಲಸ ಸಿಗುತ್ತದೆ ಎನ್ನುವವರನ್ನು ನಂಬಬೇಡಿ. ಭಾರತದಲ್ಲಿ ಆಫ್ರಿಕದ ಅಧ್ಯಯನಕ್ಕೆ ದೆಹಲಿ ವಿಶ್ವವಿದ್ಯಾಲಯದಲ್ಲಿ 1955ರಿಂದ ವಿಭಾಗವಿದೆ, ಮುಂಬಯಿಯಲ್ಲಿ 1971ರಿಂದ ಕೇಂದ್ರವಿದೆ, ಜೆ.ಎನ್.ಯು.ನಲ್ಲೂ ಇದೆ. ಆದರೆ ಅಲ್ಲಿ ರಾಜಕೀಯ, ಇತಿಹಾಸ, ಅರ್ಥಶಾಸ್ತ್ರಕ್ಕೇ ಒತ್ತು. ಧರ್ಮ ಪಕ್ಕದ ಬಾಗಿಲಿನಿಂದ ಬರಬೇಕು. ಆದ್ದರಿಂದ ಮಾನವಶಾಸ್ತ್ರದಲ್ಲೋ ಇತಿಹಾಸದಲ್ಲೋ ಎಂ.ಎ. ಮಾಡಿ, ಸಂಶೋಧನೆಗೆ ಈ ವಿಷಯ ಹಿಡಿಯುವುದು ಜಾಣತನ. ಯು.ಜಿ.ಸಿ.ಯ ನೆಟ್ ಪರೀಕ್ಷೆಯಲ್ಲಿ ಧರ್ಮಗಳ ತೌಲನಿಕ ಅಧ್ಯಯನ ಎಂಬ ವಿಷಯವೂ ಉಂಟು, ಜೆ.ಆರ್.ಎಫ್. ದೊರೆತರೆ ಖರ್ಚಿನ ಚಿಂತೆ ಅರ್ಧ ಕಡಿಮೆ. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನ ವಿಭಾಗವಿದೆ. ಜಾನಪದ ವಿಶ್ವವಿದ್ಯಾಲಯವಿರುವ ಹಾವೇರಿ ಜಿಲ್ಲೆಯ ಗೊಟಗೋಡಿಯಿಂದ ಮುಂಡಗೋಡ ದೂರವೇನಲ್ಲ. ಬೋಧನೆಯ ಹೊರಗೆ ಕೆಲಸ ಹುಡುಕುವವರಿಗೆ ಮೈಸೂರಿನಲ್ಲಿ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ಪ್ರಾದೇಶಿಕ ಕೇಂದ್ರವೂ ರಾಜ್ಯದ ಬುಡಕಟ್ಟು ಸಂಶೋಧನಾ ಸಂಸ್ಥೆಯೂ ಇವೆ. ಜಾಗಗಳು ಕಡಿಮೆ, ಕಾಯುವುದು ಹೆಚ್ಚು. ವಿದೇಶವೇ ಬೇಕೆಂದರೆ ಲಂಡನ್ನಿನ ಸೋವಾಸ್, ಹಾರ್ವರ್ಡ್, ನೈಜೀರಿಯದ ಇಬಾದಾನ್ ಇವೆ. ಅಲ್ಲಿಗೆ ಅರ್ಜಿ ಹಾಕುವಾಗ ಸಿದ್ದಿಗಳ ನಡುವೆ ಒಂದು ವರ್ಷ ಕಳೆದ ಅನುಭವ ಅಂಕಪಟ್ಟಿಗಿಂತ ಹೆಚ್ಚು ಮಾತಾಡುತ್ತದೆ.

ಈ ವಿಷಯವನ್ನು ಎಲ್ಲರಿಗಿಂತ ಚೆನ್ನಾಗಿ ಬರೆಯಬಲ್ಲವರು ಮುಂಡಗೋಡ, ಹಳಿಯಾಳಗಳ ಹಾಸ್ಟೆಲಿನಲ್ಲಿ ಓದುತ್ತಿರುವ ಸಿದ್ದಿ ಮಕ್ಕಳೇ ಇರಬಹುದು. ಅವರಿಗೆ ಪರಿಶಿಷ್ಟ ಪಂಗಡದ ರಾಷ್ಟ್ರೀಯ ಫೆಲೋಶಿಪ್ ಇದೆ, ವಿದೇಶ ವ್ಯಾಸಂಗಕ್ಕೂ ಸರ್ಕಾರದ ವಿದ್ಯಾರ್ಥಿವೇತನ ಇದೆ. ಅವರ ಪಾಲಕರಿಗೆ ಈ ಸುದ್ದಿ ತಲುಪಿಸುವವರು ಬೇಕು.

ಚಾಮರಾಜಪೇಟೆಯ ಹುಡುಗಿಗೆ ಸದ್ಯಕ್ಕೆ ಬೇಕಾದದ್ದು ಸ್ವಾಹಿಲಿಯಲ್ಲ, ಕೊಂಕಣಿ. ಸಿದ್ದಿಗಳು ಹೊರಗಿನವರೊಡನೆ ಕನ್ನಡ ಆಡಿದರೂ ಅನೇಕರ ಮನೆಮಾತು ಕೊಂಕಣಿ. ಮುಸ್ಲಿಂ ಸಿದ್ದಿಗಳದು ಉರ್ದು. ಮೊದಲ ಸಲ ಹೋಗುವುದಾದರೆ ನವರಾತ್ರಿಯ ಹೊತ್ತು ಒಳ್ಳೆಯದು. ಹಿರಿಯರ ಪೂಜೆ ಆಗ ನಡೆಯುತ್ತದೆ. ಮನೆಯ ಯಜಮಾನರನ್ನು ಮೊದಲೇ ಕೇಳಿಕೊಂಡು, ಕ್ಯಾಮೆರಾ ಚೀಲದಲ್ಲೇ ಇಟ್ಟು ಹೋಗಬೇಕು. ಅಪ್ಪನಿಗೆ ಇನ್ನೂ ಅನುಮಾನವಿದ್ದರೆ ಅವರೂ ಜೊತೆಗೆ ಹೋಗಿ ಬರಲಿ. ಅಜ್ಜಿಗೆ ಹೇಳಲು ಇಬ್ಬರಿಗೂ ಸಾಕಷ್ಟು ವಿಷಯ ಸಿಗುತ್ತದೆ.