ಗರ್ಭಿಣಿಯ ಮೂತ್ರದಲ್ಲಿ ಸಸಾರಜನಕ: ಕಡೆಗಣಿಸಬಾರದ ಮುನ್ಸೂಚನೆ

ಮನೆಯ ಸೊಸೆ ಗರ್ಭವತಿಯಾದಳೆಂದರೆ ಇಡೀ ಮನೆತನವೇ ಹಿಗ್ಗುತ್ತದೆ. ಆಕೆಯ ಬಯಕೆಗಳನ್ನು ತೀರಿಸುವುದು, ಏಳನೆಯ ತಿಂಗಳಲ್ಲಿ ಕುಬಸ ಮಾಡಿ ಹಸಿರು ಬಳೆ ತೊಡಿಸುವುದು, ಬಳಿಕ ತವರಿಗೆ ಕಳುಹಿಸಿಕೊಡುವುದು, ಇವೆಲ್ಲ ನಮ್ಮಲ್ಲಿ ತಲೆತಲಾಂತರದಿಂದ ನಡೆದುಬಂದ ಆದರದ ರೀತಿಗಳು. ಆದರೆ ಈ ಸಂಭ್ರಮದ ನಡುವೆ ಒಂದು ಸಣ್ಣ ಪರೀಕ್ಷೆ ಹಲವು ಮನೆಗಳಲ್ಲಿ ಹಿಂದೆ ಬೀಳುತ್ತದೆ. ಅದು ಮೂತ್ರ ಪರೀಕ್ಷೆ. "ಮೈಗೇನೂ ಆಗಿಲ್ಲ, ಇದೆಲ್ಲ ಯಾತಕ್ಕೆ?" ಎನ್ನುವವರುಂಟು. ಮೈಗೇನೂ ಆಗಿಲ್ಲವೆಂದು ತೋರುವಾಗಲೇ ಒಳಗಿನ ಅಪಾಯವನ್ನು ತಿಳಿಸಬಲ್ಲುದೆಂಬುದೇ ಈ ಪರೀಕ್ಷೆಯ ಮಹತ್ವ.

ಮೂತ್ರಪಿಂಡವು ಅತಿ ಸೂಕ್ಷ್ಮವಾದ ಜರಡಿಯಿದ್ದಂತೆ. ರಕ್ತದಲ್ಲಿಯ ಕಶ್ಮಲವನ್ನು ಹೊರಹಾಕಿ, ಶರೀರಕ್ಕೆ ಬೇಕಾದ ಸಸಾರಜನಕವನ್ನು, ಅಂದರೆ ಪ್ರೋಟೀನನ್ನು, ಒಳಗೇ ಉಳಿಸಿಕೊಳ್ಳುವುದು ಅದರ ಧರ್ಮ. ಗರ್ಭಕಾಲದಲ್ಲಿ ದಿನವೊಂದಕ್ಕೆ 300 ಮಿಲಿಗ್ರಾಂಗಿಂತ ಕಡಿಮೆ ಸೋರಿದರೆ ಅದನ್ನು ಸಹಜವೆಂದೇ ಎಣಿಸುತ್ತಾರೆ. ಇಪ್ಪತ್ತು ವಾರ ಕಳೆದ ಮೇಲೆ ಸೋರಿಕೆ ಈ ಮಿತಿಯನ್ನು ಮುಟ್ಟಿ, ಜೊತೆಗೆ ರಕ್ತದೊತ್ತಡ ಹೊಸದಾಗಿ 140/90ಕ್ಕೆ ಏರಿದ್ದರೆ ಅದು ಪ್ರಿ-ಎಕ್ಲಾಂಪ್ಸಿಯಾ ಎಂಬ ವ್ಯಾಧಿ. ಇದರ ಮೂಲವಿರುವುದು ಮಾಸಿನಲ್ಲಿ. ಮಾಸು ಸರಿಯಾಗಿ ಬೇರೂರದಿದ್ದಾಗ ಅದರಿಂದ ಹೊರಟ ವಸ್ತುಗಳು ತಾಯಿಯ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ. ಆಗ ಮೂತ್ರಪಿಂಡದ ಜರಡಿ ಸಡಿಲವಾಗುತ್ತದೆ. ಅಲಕ್ಷಿಸಿದರೆ ಯಕೃತ್ತು, ಮೆದುಳುಗಳಿಗೂ ಹಾನಿ ತಟ್ಟಿ, ಸೆಳೆತ ಬಂದು, ತಾಯಿ ಮತ್ತು ಶಿಶು ಇಬ್ಬರ ಪ್ರಾಣಕ್ಕೂ ಸಂಚಕಾರ ಒದಗಬಹುದು.

ಸೆಳೆತಕ್ಕೂ ಮೂತ್ರಕ್ಕೂ ಇರುವ ನಂಟನ್ನು 1843ರಲ್ಲಿ ಪ್ರಕಟಿಸಿದವರು ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ಜಾನ್ ಲೀವರ್. ಅಂದು ಮೂತ್ರವನ್ನು ಕಾಯಿಸಿ, ಅದು ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುವುದೇ ಎಂದು ನೋಡಬೇಕಿತ್ತು. ಇಂದು ಬಣ್ಣ ಬದಲಿಸುವ ಒಂದು ಪಟ್ಟಿಯನ್ನು ಅದ್ದಿದರೆ ನಿಮಿಷದಲ್ಲಿ ಉತ್ತರ ದೊರೆಯುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಈ ಸೌಲಭ್ಯವಿದೆ.

ಇಲ್ಲಿ ಕೆಲವು ತಪ್ಪು ತಿಳಿವಳಿಕೆಗಳನ್ನು ನಿವಾರಿಸಬೇಕಾಗಿದೆ. ಮೂತ್ರದಲ್ಲಿ ಸಸಾರಜನಕ ಕಂಡಿತೆಂದು ಗರ್ಭಿಣಿಗೆ ಬೇಳೆ, ಕಾಳು, ಹಾಲುಗಳನ್ನು ನಿಲ್ಲಿಸುವುದು ಸಲ್ಲದು. ದೋಷವಿರುವುದು ಊಟದಲ್ಲಲ್ಲ, ಜರಡಿಯಲ್ಲಿ. ಅತ್ತೆಯ ಅಥವಾ ಮಾವನ ರಕ್ತದೊತ್ತಡದ ಗುಳಿಗೆಯನ್ನು ಕೊಡುವುದಂತೂ ಘಾತಕ, ಅವುಗಳಲ್ಲಿ ಕೆಲವು ಗರ್ಭಸ್ಥ ಶಿಶುವಿಗೆ ಹಾನಿಕರ. ಇನ್ನು, ಮೂತ್ರನಾಳದ ಸೋಂಕಿನಿಂದಲೂ, ಬಿಳಿಸೆರಗು ಬೆರೆತಾಗಲೂ ಪಟ್ಟಿಯ ಬಣ್ಣ ಬದಲಾಗಬಹುದು. ಆದ್ದರಿಂದ ಒಂದು ಗುರುತಿಗೆ ಕಂಗೆಡಬೇಕಿಲ್ಲ. ಅದೇ ದಿನ ರಕ್ತದೊತ್ತಡ ಅಳೆಯಿಸಿ ವೈದ್ಯರಿಗೆ ತೋರಿಸಬೇಕು. ಹಾಗೆಯೇ ಮೂತ್ರ ಶುದ್ಧವಿದೆಯೆಂದು ನಿಶ್ಚಿಂತರಾಗುವುದೂ ಸರಿಯಲ್ಲ. ರಕ್ತದೊತ್ತಡ ಏರಿ ಬೇರೆ ಅಂಗಗಳಿಗೆ ಹಾನಿಯಾಗಿದ್ದರೆ, ಸಸಾರಜನಕ ಕಾಣದಿದ್ದರೂ ಅದು ಇದೇ ವ್ಯಾಧಿಯೆಂದು 2013ರಿಂದೀಚೆಗೆ ವೈದ್ಯರು ಪರಿಗಣಿಸುತ್ತಿದ್ದಾರೆ.

"ಬಸುರಿಗೆ ಕಾಲು ಬಾಯುವುದು ಸಹಜ" ಎಂಬ ಮಾತು ಬಹುಮಟ್ಟಿಗೆ ನಿಜ. ಆದರೆ ಮುಖ ಮತ್ತು ಕೈಗಳು ಹಠಾತ್ತನೆ ಬಾತರೆ, ಕುಬಸದಲ್ಲಿ ಸಲೀಸಾಗಿ ಏರಿದ ಬಳೆ ಕೆಲವೇ ದಿನಗಳಲ್ಲಿ ಬಿಗಿಯಾದರೆ, ಅದನ್ನು ಮೈತುಂಬಿಕೊಂಡ ಲಕ್ಷಣವೆಂದು ಹಿಗ್ಗದೆ ಪರೀಕ್ಷೆ ಮಾಡಿಸಬೇಕು. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ಬಲಗಡೆ ನೋವು, ಮೂತ್ರ ಕಡಿಮೆಯಾಗುವುದು, ಇವು ಕಂಡರೆ ಮರುದಿನಕ್ಕೆ ಮುಂದೂಡದೆ ಆಸ್ಪತ್ರೆ ಸೇರಬೇಕು. ಚೊಚ್ಚಲು ಬಸುರಿ, ಅವಳಿ ಗರ್ಭ, ಮೊದಲೇ ಇದ್ದ ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ, ಹಿಂದಿನ ಗರ್ಭದಲ್ಲಿ ಇದೇ ವ್ಯಾಧಿ ಬಂದಿರುವುದು, ಇಂಥವರಲ್ಲಿ ಅಪಾಯ ಹೆಚ್ಚು. ಹೆಚ್ಚು ಅಪಾಯವುಳ್ಳವರಿಗೆ ಹದಿನಾರು ವಾರದೊಳಗೇ ಅಲ್ಪ ಪ್ರಮಾಣದ ಆಸ್ಪಿರಿನ್ ಆರಂಭಿಸುವ ಪದ್ಧತಿಯಿದೆ. ಆದರೆ ಅದು ವೈದ್ಯರ ಸಲಹೆಯಿಂದಲೇ ಆಗಬೇಕು.

ಈ ವ್ಯಾಧಿ ಬಿಡುಗಡೆಯಾಗುವುದು ಹೆರಿಗೆಯಾಗಿ ಮಾಸು ಹೊರಬಿದ್ದ ಮೇಲೆಯೇ. ಅಲ್ಲಿಯವರೆಗೆ ಒತ್ತಡವನ್ನು ಹತೋಟಿಯಲ್ಲಿಟ್ಟು, ಹೆರಿಗೆಯ ಸಮಯವನ್ನು ವೈದ್ಯರು ನಿರ್ಧರಿಸುತ್ತಾರೆ. ಸೆಳೆತವನ್ನು ತಡೆಯಲು ಮೆಗ್ನೀಸಿಯಂ ಸಲ್ಫೇಟ್ ಇದೆ. ಹತ್ತು ಸಾವಿರಕ್ಕೂ ಹೆಚ್ಚು ಸ್ತ್ರೀಯರನ್ನೊಳಗೊಂಡು 2002ರಲ್ಲಿ ಪ್ರಕಟವಾದ ಮ್ಯಾಗ್‌ಪೈ ಅಧ್ಯಯನವು, ಈ ಔಷಧ ಸೆಳೆತದ ಸಂಭವವನ್ನು ಅರ್ಧಕ್ಕಿಂತಲೂ ತಗ್ಗಿಸುತ್ತದೆಂದು ತೋರಿಸಿತು. ಆದರೆ ಔಷಧವಿರುವ ಆಸ್ಪತ್ರೆಯನ್ನು ಗರ್ಭಿಣಿ ವೇಳೆಗೆ ಮುಟ್ಟಬೇಕು.

ಇಲ್ಲಿಯೇ ಮನೆಯವರ ಹೊಣೆ ಬರುವುದು. ಈ ವ್ಯಾಧಿ ಹೆಚ್ಚಾಗಿ ತಲೆದೋರುವುದು ಕೊನೆಯ ತಿಂಗಳುಗಳಲ್ಲಿ. ಸೊಸೆ ಊರು ಬಿಟ್ಟು ತವರಿಗೆ ಹೋಗುವುದೂ ಆಗಲೇ. ಹಳೆಯ ವೈದ್ಯರು ಬಿಟ್ಟುಹೋಗಿ, ಹೊಸಬರನ್ನು ಕಾಣುವುದು ತಡವಾದರೆ ನಡುವೆ ಪರೀಕ್ಷೆಯೇ ತಪ್ಪುತ್ತದೆ. ಉಡಿ ತುಂಬಿ ಕಳುಹಿಸುವಾಗ ತಾಯಿ ಕಾರ್ಡನ್ನೂ ಪರೀಕ್ಷೆಯ ಚೀಟಿಗಳನ್ನೂ ಜೊತೆಗಿಟ್ಟು ಕಳುಹಿಸಿರಿ. ತವರಿನವರು ಆ ವಾರದಲ್ಲಿಯೇ ಅಲ್ಲಿಯ ಆಸ್ಪತ್ರೆಗೆ ತೋರಿಸಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ರಂದು ಗರ್ಭಿಣಿಯರ ಉಚಿತ ತಪಾಸಣೆಯ ಏರ್ಪಾಡು 2016ರಲ್ಲಿ ಆರಂಭವಾಗಿದೆ. ಪ್ರತಿ ಭೇಟಿಯಲ್ಲಿಯೂ ಮೂತ್ರ ಮತ್ತು ರಕ್ತದೊತ್ತಡ ಎರಡನ್ನೂ ನೋಡಿದರೇ ಎಂದು ಕೇಳಿ ತಿಳಿಯುವುದು ಸಂಕೋಚದ ವಿಷಯವಲ್ಲ.

ಹೆರಿಗೆಯಾದೊಡನೆ ಅಪಾಯ ಮುಗಿಯಿತೆಂದೂ ಭಾವಿಸಬೇಡಿರಿ. ಮೊದಲ ಕೆಲವು ದಿನಗಳಲ್ಲಿ, ಅಪರೂಪಕ್ಕೆ ಆರು ವಾರದವರೆಗೂ, ಇದು ಕಾಣಿಸಿಕೊಳ್ಳಬಹುದು. ಬಾಣಂತಿಯ ತಲೆನೋವಿಗೆ ಗಾಳಿ ತಾಗಿತೆಂದು ಕಿವಿ ಕಟ್ಟಿ ಕೂರಿಸುವ ಮುನ್ನ ರಕ್ತದೊತ್ತಡ ನೋಡಿಸಿರಿ. ಬಸುರಿ ಬಾಣಂತಿಯರ ಆರೈಕೆಯಲ್ಲಿ ನಮ್ಮ ಮನೆತನಗಳು ಎಂದೂ ಕೈಹಿಡಿತ ಮಾಡಿದವಲ್ಲ. ಆ ಆರೈಕೆಯ ಜೊತೆಗೆ ಈ ಎಚ್ಚರವೂ ಸೇರಲಿ, ತಾಯಿ ಮಕ್ಕಳಿಬ್ಬರೂ ಸುಖವಾಗಿ ಮನೆ ತುಂಬಲಿ ಎಂಬುದೇ ನಮ್ಮ ಹಾರೈಕೆ.