ಬಾಗಿಲು ತೆರೆದ ಮೇಲೆ

ವಿಜಯಪುರದ ದರ್ಗಾ ಜೈಲಿನ ಮುಂದೆ ಹಾದುಹೋಗುವಾಗಲೆಲ್ಲ ನನಗೊಂದು ಯೋಚನೆ ಕಾಡುತ್ತದೆ. ಎಚ್‌ಐವಿ ಸೋಂಕಿರುವ ಕೈದಿಗೆ ಒಳಗಿರುವಷ್ಟು ಕಾಲ ಗುಳಿಗೆ ಹೊತ್ತಿಗೆ ಸರಿಯಾಗಿ ಕೈಸೇರೀತು. ಬಾಗಿಲು ತೆರೆದ ಮೇಲೆ? ಇಂಡಿಗೋ, ಸಿಂದಗಿಗೋ, ಮುದ್ದೇಬಿಹಾಳಕ್ಕೋ, ಬಸವನ ಬಾಗೇವಾಡಿಗೋ ಬಸ್ಸು ಹತ್ತುವವನ ಗಂಟಿನಲ್ಲಿ ಬಟ್ಟೆಬರೆ ಇರುತ್ತದೆ. ಚಿಕಿತ್ಸೆಯ ಪುಸ್ತಕ ಇದ್ದೀತೆ?

ದಿನವೂ ತಪ್ಪದೆ ಗುಳಿಗೆ ನುಂಗಿದರೆ ವೈರಾಣು ರಕ್ತಪರೀಕ್ಷೆಗೆ ಸಿಗದಷ್ಟು ಕುಗ್ಗುತ್ತದೆ; ಆ ಸ್ಥಿತಿ ಉಳಿದಿರುವವರೆಗೆ ದಾಂಪತ್ಯದ ಕೂಟದಿಂದ ಹೆಂಡತಿಗೆ ಸೋಂಕು ದಾಟದು. ಕೆಲವು ವಾರ ನಿಲ್ಲಿಸಿದರೆ ಮತ್ತೆ ತಲೆಯೆತ್ತುತ್ತದೆ. ಮದ್ದಿಗೆ ಬಗ್ಗದಂತಾಗುವ ಭಯವೂ ಉಂಟು.

2004ರಿಂದ ಸರ್ಕಾರ ಎಆರ್‌ಟಿ ಮದ್ದನ್ನು ಪುಕ್ಕಟೆ ಕೊಡುತ್ತಿದೆ. ಒಂದು ಕೇಂದ್ರದಿಂದ ಇನ್ನೊಂದಕ್ಕೆ ವರ್ಗಾವಣೆಯ ಪತ್ರವೂ ದೊರೆಯುತ್ತದೆ. ಆದರೆ ವಿಚಾರಣೆಯ ಕೈದಿಗೆ ಬಿಡುಗಡೆ ಎಂದೆಂಬುದೇ ತಿಳಿಯದು. ಜಾಮೀನಿನ ಆದೇಶ ಸಂಜೆ ಬಂದರೆ ಪತ್ರ ಬರೆಸಿಕೊಳ್ಳಲು ವೇಳೆಯೆಲ್ಲಿ? ಊರು ಸೇರಿದರೂ, ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲಿ ಪರಿಚಿತರು ಕಂಡಾರೆಂಬ ಅಂಜಿಕೆ. ಗುಟ್ಟು ಕಾಯಬೇಕೆಂಬ ಕಾಯ್ದೆ 2018ರ ಸೆಪ್ಟೆಂಬರಿನಲ್ಲೇ ಜಾರಿಗೆ ಬಂದಿತು. ಆದರೆ ಸಾಲಿನಲ್ಲಿ ನಿಂತ ನೆರೆಯವನ ಕಣ್ಣಿಗೆ ಯಾವ ಕಾಯ್ದೆ?

ಚಿಕಿತ್ಸೆ ತೊಡಗಿದ ದಿನವೇ ಅವನ ತಾಲ್ಲೂಕನ್ನು ಕೇಳಿ, ಅವನು ಒಪ್ಪಿದ ಆಸ್ಪತ್ರೆಯ ಹೆಸರಿಗೆ ಪತ್ರ ಬರೆದಿಡಬಾರದೇಕೆ? ಜಾಮೀನು ಯಾವಾಗಲಾದರೂ ಬರಲಿ. ಹೊರಡುವಾಗ ಆ ಪತ್ರವೂ ಒಂದು ತಿಂಗಳ ಗುಳಿಗೆಯೂ ಅವನ ಗಂಟಿನಲ್ಲಿರಲಿ.